ಕಂಪ್ಯೂಟರಿನ ಕೋಷ್ಟಕಗಳೂ ದುಡಿಯುವವನ ಹೆಸರೂ

(ಪುಣೆಯ ಮಗರಪಟ್ಟಾದಲ್ಲಿ ಸೇರಿದ್ದ ಕನ್ನಡ ಕಾರ್ಮಿಕ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರು ಕೆಲವರಿದ್ದೀರಿ. ಇನ್ನೊಂದು ಗಂಟೆಯಲ್ಲಿ ಪಾಳಿಗೆ ಹೋಗಬೇಕಾದವರೂ ಇದ್ದೀರಿ. ತಮ್ಮ ವಿಶ್ರಾಂತಿಯ ಹೊತ್ತನ್ನು ತೆಗೆದುಕೊಂಡ ಮೇಲೆ ಉಪಯೋಗಕ್ಕೆ ಬರುವ ಮಾತನ್ನೇ ಆಡುವುದು ನನ್ನ ಕರ್ತವ್ಯ. ವೆಬ್ ಅಪ್ಲಿಕೇಷನ್ನುಗಳಿಗಾಗಿ ಡೇಟಾಬೇಸಿನ ಟೇಬಲ್ಲುಗಳನ್ನು ಹೇಗೆ ಕಟ್ಟುತ್ತಾರೆ, ಅವುಗಳ ಸಂಬಂಧವನ್ನು ನಕ್ಷೆಯಲ್ಲಿ ಹೇಗೆ ಬರೆಯುತ್ತಾರೆ ಎಂಬುದನ್ನು ತಿಳಿಸಬೇಕೆಂದು ಸಂಘದವರು ನನಗೆ ಅಪ್ಪಣೆ ಕೊಟ್ಟಿದ್ದಾರೆ. ಟೇಬಲ್ ಎಂದೊಡನೆ ಹೋಟೆಲಿನ ಬಂಧುಗಳಿಗೆ ಒರೆಸುವ ಬಟ್ಟೆ ನೆನಪಾಗುವುದು ಸಹಜ. ನಾನು ಹೇಳುವ ಟೇಬಲ್ ಬೇರೆ. ಅದು ಅಡ್ಡಗೆರೆ ಉದ್ದಗೆರೆ ಎಳೆದ ಕೋಷ್ಟಕ; ನಮ್ಮ ಹಾಜರಿ ಪುಸ್ತಕದ ಪುಟದಂಥದು. ಅಂಥ ಹಲವು ಕೋಷ್ಟಕಗಳನ್ನು ಒಂದಕ್ಕೊಂದು ಹೊಂದಿಸಿ ಕಂಪ್ಯೂಟರಿನಲ್ಲಿ ಇಟ್ಟರೆ ಅದೇ ಡೇಟಾಬೇಸು.

ಮೊಬೈಲಿನಲ್ಲಿ ಇಡ್ಲಿ ವಡೆ ತರಿಸುವಾಗ, ರೈಲಿನ ಟಿಕೆಟು ತೆಗೆಯುವಾಗ, ಪ್ರಾವಿಡೆಂಟ್ ಫಂಡಿನ ಬಾಕಿ ನೋಡುವಾಗ ನಮ್ಮ ಕಣ್ಣಿಗೆ ಬೀಳುವುದು ಬಣ್ಣಬಣ್ಣದ ಪರದೆ. ಅದು ಹೋಟೆಲಿನ ಮುಂದಿನ ಕೌಂಟರು ಇದ್ದಂತೆ. ಹಿಂದೆ ಉಗ್ರಾಣವಿದೆ, ಉಗ್ರಾಣದಲ್ಲಿ ಡಬ್ಬಿಗಳಿವೆ. ಯಾವ ಡಬ್ಬಿಯಲ್ಲಿ ಏನಿದೆಯೆಂಬುದು ಸರಿಯಿಲ್ಲದಿದ್ದರೆ ಕೌಂಟರು ಎಷ್ಟು ಥಳಥಳಿಸಿದರೂ ಗಿರಾಕಿಗೆ ಸಕಾಲದಲ್ಲಿ ತಟ್ಟೆ ಬರುವುದಿಲ್ಲ. ಕೋಷ್ಟಕ ಕಟ್ಟುವುದೆಂದರೆ ಆ ಉಗ್ರಾಣವನ್ನು ಅಣಿಮಾಡುವ ಕೆಲಸ.

ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಾವು ಕುಳಿತಿರುವ ನೆಲವೇ ಒಳ್ಳೆಯ ಪಾಠ. ಇಂದು ಇಲ್ಲಿ ಗಾಜಿನ ಗೋಪುರಗಳಿವೆ, ಸೈಬರ್‌ಸಿಟಿ ಇದೆ. ಹಿಂದೆ ಇದು ಹಡಪ್ಸರದ ಕಬ್ಬಿನ ಗದ್ದೆ. ಪುಣೆ ಬೆಳೆಯುತ್ತ ಬಂದು ಗದ್ದೆಯ ಬದುವನ್ನು ಮುಟ್ಟಿದಾಗ, ಚೂರುಚೂರಾಗಿ ಮಾರಿಬಿಡುವ ಬದಲು ಇಲ್ಲಿನ ಸುಮಾರು 120 ರೈತ ಕುಟುಂಬಗಳು ತಮ್ಮ ಸುಮಾರು 400 ಎಕರೆಯನ್ನು ಒಟ್ಟುಗೂಡಿಸಿದವು. ಸತೀಶ್ ಮಗರ್ ಅವರು ಮುಂದಾಳಾದರು. ಒಂದು ಕಂಪನಿ ಕಟ್ಟಿ, ಯಾರ ಭೂಮಿ ಎಷ್ಟೋ ಅದಕ್ಕೆ ತಕ್ಕಂತೆ ಷೇರು ಹಂಚಿಕೊಂಡು, 2000ರ ಹೊತ್ತಿಗೆ ಊರು ಕಟ್ಟಲು ತೊಡಗಿದರು. ಭೂಮಿ ಕೊಟ್ಟವನು ಕೂಲಿಯಾಗದೆ ಪಾಲುದಾರನಾಗಿ ಉಳಿದನು.

ಈ ಕೆಲಸದ ತಳಪಾಯ ಯಾವುದು, ಯೋಚಿಸಿರಿ. ಸಿಮೆಂಟಿಗಿಂತ ಮೊದಲು ಲೆಕ್ಕ ಬೇಕು. ಯಾವ ತುಂಡು ಯಾರದು, ಆ ತುಂಡಿನಲ್ಲಿ ಅಣ್ಣನ ಪಾಲೆಷ್ಟು, ತಮ್ಮನ ಪಾಲೆಷ್ಟು ಎಂಬುದು ಚೊಕ್ಕವಾಗಿರದಿದ್ದರೆ ಷೇರು ಹಂಚುವುದಾದರೂ ಹೇಗೆ? ಮಹಾರಾಷ್ಟ್ರದಲ್ಲಿ ಈ ಲೆಕ್ಕವನ್ನು ಹಳ್ಳಿಯ ಪುಸ್ತಕಗಳಲ್ಲಿ ಇಡುತ್ತಾರೆ. ನೀವೆಲ್ಲ ಸಾತ್‌ಬಾರಾ ಎಂಬ ಹೆಸರು ಕೇಳಿದ್ದೀರಿ. ಗ್ರಾಮ ನಮೂನೆ 7 ಹಕ್ಕಿನದು, ಗ್ರಾಮ ನಮೂನೆ 12 ಬೆಳೆಯದು. ಎರಡೂ ಕೂಡಿ ಸಾತ್‌ಬಾರಾ. ಇದನ್ನು ಸರ್ವೆ ನಂಬರಿನ ಪ್ರಕಾರ ಬರೆಯುತ್ತಾರೆ. ಆ ತುಂಡಿನಲ್ಲಿ ಯಾರು ಯಾರು ಹಕ್ಕುದಾರರು ಎಂದು ಅದರಲ್ಲಿ ಕಾಣಬಹುದು. ನಮೂನೆ 8-ಅ ಎಂಬುದು ಖಾತೆದಾರನ ಪ್ರಕಾರ ಬರೆದದ್ದು. ಒಬ್ಬನಿಗೆ ಊರಿನಲ್ಲಿ ಎಲ್ಲೆಲ್ಲಿ ಎಷ್ಟು ಭೂಮಿಯಿದೆ ಎಂದು ಅದರಲ್ಲಿ ಕಾಣಬಹುದು. ನಮೂನೆ 6 ಫೇರ್‌ಫಾರಿನ ಪುಸ್ತಕ. ಮಾರಾಟ, ವಾರಸು, ಪಾಲು ಎಂದು ಹಕ್ಕು ಕೈಬದಲಾದಾಗ ಅದರಲ್ಲಿ ಬರೆಯುತ್ತಾರೆ. ಬಿಜಾಪುರ, ಕಲಬುರ್ಗಿ ಕಡೆಯ ಬಂಧುಗಳು ಊರಿನಲ್ಲಿ ಪಹಣಿ, ಉತಾರ ಎನ್ನುವುದೂ ಇದೇ ಬಗೆಯ ಕಾಗದ.

ಈಗ ಗಮನಿಸಿರಿ. ಒಬ್ಬ ಖಾತೆದಾರನಿಗೆ ಹಲವು ತುಂಡು ಭೂಮಿ ಇರಬಹುದು. ಒಂದು ತುಂಡಿಗೆ ಹಲವು ಖಾತೆದಾರರು ಇರಬಹುದು. ಆದುದರಿಂದ ‘ಪಾಲು ಇಷ್ಟು’ ಎಂಬ ಸಂಗತಿ ಭೂಮಿಯದೂ ಅಲ್ಲ, ಮನುಷ್ಯನದೂ ಅಲ್ಲ. ಇಬ್ಬರ ನಡುವಿನ ಸಂಬಂಧದ್ದು. ಕಾಗದದ ಕಾಲದಲ್ಲಿ ಈ ಒಂದೇ ಸಂಗತಿಯನ್ನು ಭೂಮಿಯ ಪುಸ್ತಕದಲ್ಲಿ ಒಮ್ಮೆ, ಖಾತೆದಾರನ ಪುಸ್ತಕದಲ್ಲಿ ಇನ್ನೊಮ್ಮೆ ಬರೆಯಬೇಕಾಗಿತ್ತು. ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಮರೆತರೆ ಎರಡು ಪುಸ್ತಕ ಎರಡು ಮಾತು ಹೇಳುತ್ತವೆ. ಎರಡು ಮಾತು ಹುಟ್ಟಿದಲ್ಲಿ ವಕೀಲರಿಗೆ ಕೆಲಸ ಹುಟ್ಟುತ್ತದೆ. ಕೋಷ್ಟಕ ಕಟ್ಟುವವನು ಭೂಮಿಗೆ ಒಂದು, ಮನುಷ್ಯನಿಗೆ ಒಂದು, ಪಾಲಿಗೆ ಒಂದು ಎಂದು ಮೂರು ಕೋಷ್ಟಕ ಮಾಡುತ್ತಾನೆ. ಪಾಲನ್ನು ಪಾಲಿನ ಕೋಷ್ಟಕದಲ್ಲಿ ಒಮ್ಮೆ ಮಾತ್ರ ಬರೆಯುತ್ತಾನೆ. ಭೂಮಿಯ ಪ್ರಕಾರ ಕೇಳಿದರೆ ಕಂಪ್ಯೂಟರು ಹಾಗೆ ಜೋಡಿಸಿ ತೋರಿಸುತ್ತದೆ. ಮನುಷ್ಯನ ಪ್ರಕಾರ ಕೇಳಿದರೆ ಹೀಗೆ ಜೋಡಿಸಿ ತೋರಿಸುತ್ತದೆ. ಬರೆಹ ಒಂದೇ, ನೋಟ ಎರಡು. ನಮ್ಮ ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು 2000ದ ಆಸುಪಾಸಿನ ವರ್ಷಗಳಲ್ಲಿ ಕಂಪ್ಯೂಟರಿಗೆ ಏರಿಸಿದರು. ರೈತನು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹಣ ಕಟ್ಟಿ ತನ್ನ ಪಹಣಿಯ ಪ್ರತಿ ಪಡೆಯುವಂತಾದದ್ದು ಇದರಿಂದ.

ಹೀಗೆ ಕೋಷ್ಟಕಗಳ ಮೂಲಕವೇ ಎಲ್ಲ ಮಾಹಿತಿಯನ್ನು ಇಡಬಹುದೆಂಬ ತತ್ತ್ವವನ್ನು 1970ರಲ್ಲಿ ಪ್ರಕಟಿಸಿದವರು ಎಡ್ಗರ್ ಕಾಡ್ ಎಂಬ ಗಣಿತಜ್ಞರು. ಹುಟ್ಟಿನಿಂದ ಇಂಗ್ಲೆಂಡಿನವರು, ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು, ಆಮೇಲೆ ಅಮೆರಿಕದ ಐ.ಬಿ.ಎಂ. ಕಂಪನಿಯಲ್ಲಿ ಕೆಲಸ ಮಾಡಿದವರು. ಅದಕ್ಕೆ ಮೊದಲು, ಮಾಹಿತಿ ಯಾವ ಮೂಲೆಯಲ್ಲಿ ಯಾವ ದಾರಿಯಲ್ಲಿ ಸಿಗುತ್ತದೆಂಬುದನ್ನು ಪ್ರೋಗ್ರಾಂ ಬರೆಯುವವನೇ ಬಲ್ಲವನಾಗಿರಬೇಕಾಗಿತ್ತು. ಉಗ್ರಾಣದ ಹಳೆಯ ಆಳು ರಜೆ ಹಾಕಿದರೆ ಜೀರಿಗೆ ಯಾರಿಗೂ ಸಿಗದಂಥ ಸ್ಥಿತಿ. ಏನು ಬೇಕೆಂದು ಕೇಳಿದರೆ ಸಾಕು, ಎಲ್ಲಿದೆಯೆಂದು ಹುಡುಕುವ ಕೆಲಸ ಯಂತ್ರದ್ದಾಗಿರಲಿ ಎಂದು ಕಾಡ್ ಅವರು ತೋರಿಸಿಕೊಟ್ಟರು. ಹಾಗೆ ಕೇಳುವುದಕ್ಕೆಂದು ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು 1974ರಲ್ಲಿ ಒಂದು ಭಾಷೆಯನ್ನು ಮುಂದಿಟ್ಟರು. ಅದೇ ಇಂದಿನ ಎಸ್.ಕ್ಯೂ.ಎಲ್. ಇಲ್ಲಿನ ಗೋಪುರಗಳಲ್ಲಿ ಕೂತು ದುಡಿಯುವ ಎಷ್ಟೋ ತರುಣರು ದಿನವೂ ಬರೆಯುವ ಭಾಷೆ ಅದು.

ಈಗ ನಮ್ಮದೇ ಒಂದು ಪುಸ್ತಕ ಮಾಡೋಣ. ಈ ಪ್ರದೇಶದ ಹೋಟೆಲುಗಳಲ್ಲಿರುವ ಕನ್ನಡ ಕೆಲಸಗಾರರ ಪಟ್ಟಿಯನ್ನು ಒಂದು ಸಂಘ ಇಡಬೇಕಾಗಿದೆ ಎಂದು ಭಾವಿಸಿರಿ. ಯಾರಿಗಾದರೂ ಮೊದಲು ಹೊಳೆಯುವುದು ಒಂದೇ ಉದ್ದನೆಯ ಪಟ್ಟಿ: ಹೆಸರು, ಊರು, ಹೋಟೆಲಿನ ಹೆಸರು, ಹೋಟೆಲಿನ ವಿಳಾಸ, ಮಾಲಿಕರ ಫೋನು, ಕೆಲಸ, ಪಗಾರ. ನೋಡಲು ಸುಲಭ. ಆದರೆ ಇದರಲ್ಲಿ ನಾಲ್ಕು ಕೇಡುಗಳಿವೆ.

ಮೊದಲನೆಯದು: ಹೋಟೆಲಿನಲ್ಲಿ 20 ಮಂದಿಯಿದ್ದರೆ ಅದರ ವಿಳಾಸವನ್ನು 20 ಸಲ ಬರೆಯಬೇಕು. ಹೋಟೆಲು ಬೇರೆ ರಸ್ತೆಗೆ ಹೋಯಿತೆನ್ನಿ; 17 ಕಡೆ ತಿದ್ದಿ ಮೂರು ಕಡೆ ಬಿಟ್ಟುಹೋದರೆ ಯಾವುದು ನಿಜ? ಎರಡನೆಯದು: ಹೊಸ ಹೋಟೆಲು ತೆರೆಯಿತು, ನಮ್ಮವರು ಇನ್ನೂ ಯಾರೂ ಸೇರಿಲ್ಲ; ಕೆಲಸಗಾರನ ಹೆಸರಿಲ್ಲದೆ ಹೋಟೆಲನ್ನು ಬರೆಯಲು ಸಾಲೇ ಇಲ್ಲ. ಮೂರನೆಯದು: ಒಂದು ಹೋಟೆಲಿನಲ್ಲಿದ್ದ ಕೊನೆಯ ಕನ್ನಡಿಗನು ಊರಿಗೆ ಹೋದನೆಂದು ಅವನ ಸಾಲು ಹೊಡೆದುಹಾಕಿದರೆ ಹೋಟೆಲಿನ ವಿಳಾಸವೂ ಅದರೊಡನೆ ಮಾಯವಾಗುತ್ತದೆ. ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು: ಕೆಲಸಗಾರನು ಹೋಟೆಲು ಬದಲಿಸಿದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತೇವೆ. ಅಲ್ಲಿಗೆ ಅವನು ಹಿಂದೆ ಆರು ವರ್ಷ ಬೆವರು ಸುರಿಸಿದ್ದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ‘ಹೋಟೆಲು 1, ಹೋಟೆಲು 2, ಹೋಟೆಲು 3’ ಎಂದು ಮೂರು ಮನೆ ಮಾಡಿಟ್ಟರೆ ಸಾಲದೇ ಎಂದು ಕೇಳಬಹುದು. ನಾಲ್ಕನೆಯ ಹೋಟೆಲಿಗೆ ಹೋದವನನ್ನು ಎಲ್ಲಿ ಬರೆಯುವಿರಿ?

ಇದಕ್ಕೆ ಪರಿಹಾರ ಮೂರು ಕೋಷ್ಟಕ. ‘ಕೆಲಸಗಾರ’ ಎಂಬುದರಲ್ಲಿ ಮನುಷ್ಯನಿಗೆ ಸೇರಿದ್ದು ಮಾತ್ರ: ಹೆಸರು, ಹುಟ್ಟಿದ ದಿನ, ಊರು. ‘ಹೋಟೆಲು’ ಎಂಬುದರಲ್ಲಿ ಹೋಟೆಲಿಗೆ ಸೇರಿದ್ದು ಮಾತ್ರ: ಹೆಸರು, ವಿಳಾಸ, ಫೋನು. ‘ನೌಕರಿ’ ಎಂಬ ಮೂರನೆಯದು ಇವೆರಡನ್ನೂ ಕಟ್ಟುವ ಹಗ್ಗ: ಯಾವ ಕೆಲಸಗಾರ, ಯಾವ ಹೋಟೆಲು, ಯಾವ ಕೆಲಸ, ಎಂದಿನಿಂದ ಎಂದಿನವರೆಗೆ. ಮಾಣಿಯಾಗಿ ಸೇರಿದವನು ಸಪ್ಲೈಯರಾದರೆ, ಸಪ್ಲೈಯರಾದವನು ಗಲ್ಲಾದಲ್ಲಿ ಕುಳಿತರೆ ಪ್ರತಿಯೊಂದಕ್ಕೂ ಒಂದೊಂದು ಹೊಸ ಸಾಲು. ಹಳೆಯ ಸಾಲನ್ನು ಯಾರೂ ಅಳಿಸುವುದಿಲ್ಲ. ‘ಎಂದಿನವರೆಗೆ’ ಎಂಬಲ್ಲಿ ತಾರೀಖು ತುಂಬುತ್ತಾರೆ, ಅಷ್ಟೆ. ಪಗಾರಕ್ಕೂ ಹೀಗೆಯೇ ಒಂದು ಕೋಷ್ಟಕ ಮಾಡಿ, ಏರಿದಾಗಲೆಲ್ಲ ತಾರೀಖಿನೊಡನೆ ಒಂದು ಸಾಲು ಸೇರಿಸಬೇಕು.

ಪ್ರತಿ ಸಾಲಿಗೂ ಒಂದು ಗುರುತು ಬೇಕು. ಹೆಸರೇ ಗುರುತಾಗದೇ ಎಂದರೆ ಆಗದು. ನಮ್ಮಲ್ಲಿ ಒಂದೇ ಅಡುಗೆಮನೆಯಲ್ಲಿ ಇಬ್ಬರು ಮಂಜುನಾಥರು, ಒಂದೇ ಖಾತೆಯಲ್ಲಿ ಮೂವರು ಶಿವಪ್ಪಂದಿರು ಇರುವುದುಂಟು. ಫೋನ್ ನಂಬರೂ ಆಗದು, ಅದು ಬದಲಾಗುತ್ತದೆ. ಆದುದರಿಂದ ಕೋಷ್ಟಕವೇ ಒಂದು ಅಂಕಿಯನ್ನು ಕೊಡುತ್ತದೆ. ಗಿರಣಿಯಲ್ಲಿ ಕೊಡುತ್ತಿದ್ದ ಟಿಕೆಟ್ ನಂಬರಿನಂತೆ ಅದು ಒಬ್ಬನಿಗೆ ಒಂದೇ, ಇನ್ನೊಬ್ಬನಿಗೆ ಹೋಗದು, ಮತ್ತೆ ಬದಲಾಗದು. ಇದಕ್ಕೆ ಪ್ರೈಮರಿ ಕೀ ಎನ್ನುತ್ತಾರೆ. ನೌಕರಿಯ ಕೋಷ್ಟಕದಲ್ಲಿ ಕೆಲಸಗಾರನ ಹೆಸರನ್ನು ಮತ್ತೆ ಬರೆಯುವುದಿಲ್ಲ, ಅವನ ಅಂಕಿಯನ್ನು ಬರೆಯುತ್ತಾರೆ. ಹೀಗೆ ಬೇರೆ ಕೋಷ್ಟಕದಿಂದ ಬಂದು ಕುಳಿತ ಅಂಕಿಗೆ ಫಾರಿನ್ ಕೀ ಎಂದು ಹೆಸರು. ಇದನ್ನು ಸರಿಯಾಗಿ ಕಟ್ಟಿದರೆ, ಪಟ್ಟಿಯಲ್ಲೇ ಇಲ್ಲದ ಮನುಷ್ಯನ ಹೆಸರಿನಲ್ಲಿ ನೌಕರಿ ಬರೆಯಹೋದವನನ್ನು ಕಂಪ್ಯೂಟರೇ ತಡೆಯುತ್ತದೆ. ಸುಳ್ಳು ಹಾಜರಿಗೆ ಒಂದು ಬಾಗಿಲು ಮುಚ್ಚಿದಂತಾಯಿತು.

‘ಒಂದು ಸಂಗತಿಗೆ ಒಂದೇ ಜಾಗ’ ಎಂಬುದು ಈ ವಿದ್ಯೆಯ ಮೊದಲ ಸೂತ್ರ. ಆದರೆ ಇದನ್ನು ಕುರುಡಾಗಿ ಹಿಡಿಯಬಾರದು. ಹೋಟೆಲಿನ ಬಿಲ್ಲನ್ನೇ ತೆಗೆದುಕೊಳ್ಳಿ. ಒಂದು ಬಿಲ್ಲಿನಲ್ಲಿ ಹಲವು ತಿಂಡಿ. ಒಂದು ತಿಂಡಿ ಹಲವು ಬಿಲ್ಲಿನಲ್ಲಿ. ಆದುದರಿಂದ ಬಿಲ್ಲು, ತಿಂಡಿ, ಎರಡನ್ನೂ ಕಟ್ಟುವ ಬಿಲ್ಲಿನ ಸಾಲು ಎಂದು ಮೂರು ಕೋಷ್ಟಕ. ತಿಂಡಿಯ ದರ ತಿಂಡಿಯ ಕೋಷ್ಟಕದಲ್ಲಿದೆಯಲ್ಲ, ಬಿಲ್ಲಿನ ಸಾಲಿನಲ್ಲಿ ಮತ್ತೇಕೆ ಬರೆಯಬೇಕು ಎಂದು ಕಲಿಯುವವನು ಕೇಳುತ್ತಾನೆ. ಮಸಾಲೆ ದೋಸೆಯ ದರ ಇಂದು ಹತ್ತು ರೂಪಾಯಿ ಏರಿತೆನ್ನಿ. ದರ ತಿಂಡಿಯ ಕೋಷ್ಟಕದಲ್ಲಿ ಮಾತ್ರ ಇದ್ದರೆ ಕಳೆದ ವರ್ಷದ ಬಿಲ್ಲುಗಳ ಮೊತ್ತವೂ ಏರಿದಂತೆ ಕಾಣುತ್ತದೆ, ಗಲ್ಲಾದವನು ಕಳ್ಳನಾಗುತ್ತಾನೆ. ಇಂದಿನ ದರ ಒಂದು ಸಂಗತಿ. ಆ ದಿನ ಆ ಗಿರಾಕಿ ಕೊಟ್ಟ ದರ ಇನ್ನೊಂದು ಸಂಗತಿ. ಎರಡಕ್ಕೂ ಬೇರೆ ಬೇರೆ ಜಾಗ ಬೇಕು. ಇಂಥದನ್ನು ಇಂಜಿನಿಯರು ಪುಸ್ತಕದಿಂದ ಕಲಿಯುತ್ತಾನೆ. ಗಲ್ಲಾದಲ್ಲಿ ಕುಳಿತವನು ಅನುಭವದಿಂದ ಬಲ್ಲ.

ಇನ್ನು ನಕ್ಷೆಯ ವಿಚಾರ. ಮನೆ ಕಟ್ಟುವ ಮೊದಲು ಮೇಸ್ತ್ರಿ ನಕ್ಷೆ ಕೇಳುವಂತೆ ಕೋಷ್ಟಕ ಕಟ್ಟುವ ಮೊದಲೂ ನಕ್ಷೆ ಬೇಕು. 1976ರಲ್ಲಿ ಪೀಟರ್ ಚೆನ್ ಎಂಬ ತೈವಾನ್ ಮೂಲದ ವಿದ್ವಾಂಸರು ಇದಕ್ಕೆ ಒಂದು ಕ್ರಮ ಹಾಕಿಕೊಟ್ಟರು. ವಸ್ತುವಿಗೆ ಚೌಕದ ಮನೆ, ಸಂಬಂಧಕ್ಕೆ ವಜ್ರಾಕೃತಿ, ಗುಣಗಳಿಗೆ ಮೊಟ್ಟೆಯಾಕೃತಿ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಇನ್ನೂ ಸುಲಭವಾದದ್ದು: ಚೌಕಗಳ ನಡುವೆ ಗೆರೆ ಎಳೆದು, ‘ಹಲವು’ ಇರುವ ತುದಿಯಲ್ಲಿ ಮೂರು ಬೆರಳಿನ ಕಾಗೆಯ ಕಾಲು ಬರೆಯುತ್ತಾರೆ, ‘ಒಂದು’ ಇರುವ ತುದಿಯಲ್ಲಿ ಚಿಕ್ಕ ಅಡ್ಡಗೆರೆ, ‘ಇಲ್ಲದೆಯೂ ಇರಬಹುದು’ ಎಂಬುದಕ್ಕೆ ಸೊನ್ನೆ.

ಪ್ರತಿ ಗೆರೆಯನ್ನೂ ಎರಡು ಕಡೆಯಿಂದ ಬಾಯಿಬಿಟ್ಟು ಓದಬೇಕು. ‘ಒಬ್ಬ ಕೆಲಸಗಾರನಿಗೆ ನೌಕರಿ ಎಷ್ಟು?’ ಹಲವು, ಈಗಷ್ಟೆ ಊರಿನಿಂದ ಬಂದವನಿಗೆ ಒಂದೂ ಇಲ್ಲ. ಆದುದರಿಂದ ನೌಕರಿಯ ತುದಿಯಲ್ಲಿ ಸೊನ್ನೆ ಮತ್ತು ಕಾಗೆಯ ಕಾಲು. ‘ಒಂದು ನೌಕರಿಯ ಸಾಲು ಎಷ್ಟು ಜನರದು?’ ಒಬ್ಬನದೇ. ಆದುದರಿಂದ ಕೆಲಸಗಾರನ ತುದಿಯಲ್ಲಿ ಅಡ್ಡಗೆರೆ. ಎರಡು ತುದಿಯಲ್ಲೂ ಕಾಗೆಯ ಕಾಲು ಬಂದರೆ ನಡುವೆ ಒಂದು ಕೋಷ್ಟಕ ಬೇಕೆಂದು ಅರ್ಥ. ಇದನ್ನು ಬರೆಯಲು ಪೆನ್ಸಿಲು, ರಬ್ಬರು, ಹಳೆಯ ಕ್ಯಾಲೆಂಡರಿನ ಬೆನ್ನು ಸಾಕು. ಕಾಗದದ ಮೇಲೆ ತಪ್ಪು ಸಿಕ್ಕರೆ ರಬ್ಬರಿನ ಖರ್ಚು. ಸಾವಿರಾರು ಸಾಲು ತುಂಬಿದ ಮೇಲೆ ಸಿಕ್ಕರೆ ತಿಂಗಳುಗಟ್ಟಲೆ ಕೆಲಸ.

ಇದೆಲ್ಲ ಕಂಪನಿಯ ತರುಣರ ವಿದ್ಯೆ, ನಮಗೇಕೆ ಎಂದು ಯಾರಾದರೂ ಕೇಳಬಹುದು. ಬಂಧುಗಳೇ, ಆ ಕೋಷ್ಟಕಗಳಲ್ಲಿ ಇರುವುದು ನಮ್ಮ ಹೆಸರು.

ಪ್ರಾವಿಡೆಂಟ್ ಫಂಡನ್ನೇ ನೋಡಿರಿ. ಹಿಂದೆ ಮಾಲಿಕ ಬದಲಾದಾಗಲೆಲ್ಲ ಕೆಲಸಗಾರನಿಗೆ ಹೊಸ ಸದಸ್ಯ ಸಂಖ್ಯೆ ಬರುತ್ತಿತ್ತು. ಐದು ಕಡೆ ದುಡಿದವನು ಲೆಕ್ಕದ ದೃಷ್ಟಿಯಲ್ಲಿ ಐದು ಮನುಷ್ಯ. ಆ ಐವರೂ ಒಬ್ಬನೇ ಎಂದು ರುಜುವಾತು ಮಾಡುವ ಹೊರೆ ಅವನ ತಲೆಯ ಮೇಲೆ. ಬೇಸತ್ತು ಹಳೆಯ ಹಣವನ್ನು ಬಿಟ್ಟುಕೊಟ್ಟವರು ನಮ್ಮಲ್ಲೂ ಇದ್ದಾರೆ. 2014ರಲ್ಲಿ ಯು.ಎ.ಎನ್. ಎಂಬ 12 ಅಂಕಿಯ ಸಂಖ್ಯೆ ಬಂದಿತು. ಅದು ಮನುಷ್ಯನಿಗೆ ಸೇರಿದ್ದು. ಮಾಲಿಕರಿಂದ ಬರುವ ಸದಸ್ಯ ಸಂಖ್ಯೆಗಳೆಲ್ಲ ಅದಕ್ಕೆ ಕಟ್ಟಿಕೊಳ್ಳುತ್ತವೆ. ನಾನು ಆಗ ಹೇಳಿದ ಕೆಲಸಗಾರ ಮತ್ತು ನೌಕರಿಯ ನಕ್ಷೆಯೇ ಅಲ್ಲವೇ ಇದು? ಮನುಷ್ಯನಿಗೆ ಒಂದು ಮನೆ, ನೌಕರಿಗೆ ಇನ್ನೊಂದು ಮನೆ ಎಂದು ಬೇರ್ಪಡಿಸಿದ್ದರಿಂದ ಬಡವನ ಹಣಕ್ಕೆ ದಾರಿ ಸಿಕ್ಕಿತು.

ರೇಷನ್ ಕಾರ್ಡಿನದೂ ಇದೇ ಕಥೆ. ಕಾರ್ಡು ಒಂದು ನ್ಯಾಯಬೆಲೆ ಅಂಗಡಿಗೆ ಅಂಟಿಕೊಂಡಿದ್ದ ಕಾಲದಲ್ಲಿ ಊರು ಬಿಟ್ಟವನ ಪಾಲು ಊರಲ್ಲೇ ಉಳಿಯುತ್ತಿತ್ತು. ಒಂದು ದೇಶ ಒಂದು ರೇಷನ್ ಕಾರ್ಡು ಯೋಜನೆ 2019ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ 2022ರೊಳಗೆ ದೇಶವೆಲ್ಲ ವ್ಯಾಪಿಸಿತು. ಈಗ ಆಹಾರ ಭದ್ರತೆಯ ಕಾರ್ಡಿರುವವನು ಪುಣೆಯಲ್ಲಿ ತನ್ನ ಪಾಲನ್ನು ಎತ್ತಬಹುದು. ಊರಿನಲ್ಲಿರುವ ಹೆಂಡತಿ ಮಕ್ಕಳು ಉಳಿದದ್ದನ್ನು ಅಲ್ಲೇ ಎತ್ತಬಹುದು. ಕಾರ್ಡು ಬೇರೆ, ಅಂಗಡಿ ಬೇರೆ, ಎತ್ತಿದ ಧಾನ್ಯದ ಲೆಕ್ಕ ಬೇರೆ ಎಂದು ಇಟ್ಟಲ್ಲಿ ಮಾತ್ರ ಇದು ಸಾಧ್ಯ.

ಗಿರಣಿಯ ಹಿರಿಯರಿಗೆ ಬದಲಿ ಕೆಲಸ ಎಂದರೇನೆಂದು ಗೊತ್ತು. ಬೆಳಿಗ್ಗೆ ಗೇಟಿನಲ್ಲಿ ನಿಂತು, ಯಾರಾದರೂ ಬಾರದಿದ್ದರೆ ಅವರ ಸಾಂಚೆಯ ಮೇಲೆ ದುಡಿಯುವುದು. ವರ್ಷದಲ್ಲಿ 240 ದಿನ ದುಡಿದರೆ ಅದನ್ನು ಸತತ ಸೇವೆಯ ವರ್ಷವೆಂದು ಎಣಿಸುವ ನಿಯಮ ಕಾರ್ಮಿಕ ಕಾನೂನಿನಲ್ಲಿ ಇದೆ. 1972ರ ಕಾಯಿದೆಯಿಂದ ಬಂದ ಗ್ರ್ಯಾಚುಯಿಟಿಯ ಹಕ್ಕೂ ಕಾಯಂ ಕೆಲಸಗಾರನಿಗೆ ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆಯ ಮೇಲೆ ನಿಂತಿದೆ. ದಿನಕ್ಕೊಂದು ಸಾಲು ಇಟ್ಟಿದ್ದರೆ 240 ಎಣಿಸಬಹುದು. ತಿಂಗಳಿಗೊಂದು ಮೊತ್ತ ಬರೆದು ದಿನದ ಲೆಕ್ಕ ಎಸೆದಿದ್ದರೆ ಏನನ್ನು ಎಣಿಸುವುದು? ಕೋಷ್ಟಕದಲ್ಲಿ ಯಾವ ಸಾಲು ಇಡಬೇಕು, ಯಾವುದನ್ನು ಬಿಡಬೇಕು ಎಂದು ಕಟ್ಟುವವನು ಕೈಗೊಂಡ ತೀರ್ಮಾನ ನಾಳೆ ಕಾರ್ಮಿಕನ ಹಕ್ಕಿನ ತೀರ್ಮಾನವಾಗುತ್ತದೆ. 1982ರ ಮುಂಬಯಿ ಗಿರಣಿ ಮುಷ್ಕರ ಕಂಡವರನ್ನು ಕೇಳಿರಿ. ಗಿರಣಿಗಳು ಮುಚ್ಚಿ, ಎಷ್ಟೋ ವರ್ಷಗಳ ಮೇಲೆ ಗಿರಣಿ ಕಾರ್ಮಿಕರಿಗೆ ಮನೆ ಕೊಡುವ ಯೋಜನೆ ಬಂದಾಗ ಮೊದಲು ಕೇಳಿದ್ದು ‘ನೀನು ಗಿರಣಿಯಲ್ಲಿ ಇದ್ದದ್ದಕ್ಕೆ ಕಾಗದವೇನು?’ ಎಂದು. ಹಳೆಯ ಪಾಸನ್ನು ಟ್ರಂಕಿನಲ್ಲಿ ಜೋಪಾನ ಮಾಡಿದವರು ಗೆದ್ದರು.

ಆದುದರಿಂದ ನನ್ನ ಅರಿಕೆ ಮೂರು. ಒಂದು: ಪಗಾರದ ಚೀಟಿ, ಬ್ಯಾಂಕು, ಪಿ.ಎಫ್., ಆಧಾರ್ ಎಲ್ಲದರಲ್ಲೂ ನಿಮ್ಮ ಹೆಸರಿನ ಅಕ್ಷರ ಮತ್ತು ಹುಟ್ಟಿದ ತಾರೀಖು ಒಂದೇ ಆಗಿವೆಯೇ ಎಂದು ಈ ವಾರವೇ ನೋಡಿಕೊಳ್ಳಿ. ಒಂದರಲ್ಲಿ ಶಿವಪ್ಪ, ಇನ್ನೊಂದರಲ್ಲಿ ಶಿವಣ್ಣ ಆಗಿದ್ದರೆ ಯಂತ್ರದ ಲೆಕ್ಕದಲ್ಲಿ ಅವರಿಬ್ಬರೂ ಬೇರೆ. ಕೆಲಸದಲ್ಲಿರುವಾಗ ತಿದ್ದಿಸುವುದು ಸುಲಭ. ಬಿಟ್ಟು ಊರು ಸೇರಿದ ಮೇಲೆ ಕಷ್ಟ. ಎರಡು: ನಮ್ಮ ಸಂಘದ ಸದಸ್ಯರ ಪುಸ್ತಕವನ್ನು ಈ ಕ್ರಮದಲ್ಲಿ ಕಟ್ಟೋಣ. ಬೇಡದ ಸಂಗತಿಯನ್ನು ಕೇಳುವುದು ಬೇಡ. ಜಾತಿಯನ್ನೋ ಆಧಾರ್ ಸಂಖ್ಯೆಯನ್ನೋ ಸಂಘದ ಪಟ್ಟಿಯಲ್ಲಿ ತುಂಬಿ ಯಾರ ಕೈಗೋ ಸಿಗುವಂತೆ ಇಡುವುದು ಸದಸ್ಯರಿಗೆ ಮಾಡುವ ಉಪಕಾರವಲ್ಲ. ಮೂರು: ನಮ್ಮ ಹುಡುಗರು ಇದನ್ನು ಕಲಿಯಲಿ. ಬರ್ಕ್ಲಿ ವಿಶ್ವವಿದ್ಯಾಲಯದ ಕೆಲಸದಿಂದ ಬೆಳೆದ ಪೋಸ್ಟ್‌ಗ್ರೆಸ್, 2000ರಲ್ಲಿ ಹೊರಬಂದ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸುಗಳು ಬಿಟ್ಟಿಯಾಗಿ ಸಿಗುತ್ತವೆ. ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತವೆ.

ಹಗಲು ಹೋಟೆಲಿನಲ್ಲಿ ದುಡಿದು ಇರುಳು ದೀಪದ ಕೆಳಗೆ ಓದಿ ಮುಂದೆ ಬಂದವರ ಪರಂಪರೆ ನಮ್ಮದು. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಎಷ್ಟು ಮನೆಗಳಿಗೆ ಬೆಳಕು ಕೊಟ್ಟಿವೆಯೆಂಬುದು ತಮಗೆ ಗೊತ್ತಿದೆ. ಆ ಕಾಲದಲ್ಲಿ ಹೆಬ್ಬೆಟ್ಟು ಒತ್ತುವವನು ಸಹಿ ಮಾಡಲು ಕಲಿತದ್ದೇ ದೊಡ್ಡ ಜಯವಾಗಿತ್ತು. ಏಕೆಂದರೆ ತಾನು ಒತ್ತುವ ಕಾಗದದಲ್ಲಿ ಏನಿದೆಯೆಂದು ಅವನಿಗೆ ತಿಳಿಯಿತು. ಇಂದು ನಮ್ಮ ಹೆಸರು ಕಾಗದದಿಂದ ಕೋಷ್ಟಕಕ್ಕೆ ಹೋಗಿದೆ. ಅದನ್ನು ಓದಲು ಕಲಿಯುವುದೂ ಅಂಥದೇ ಕೆಲಸ. ಇದೇ ಮಗರಪಟ್ಟಾದ ಗೋಪುರಗಳಲ್ಲಿ ಕುಳಿತು ನಕ್ಷೆ ಬರೆಯುವವರಿಗೆ ಚಹಾ ಒಯ್ಯುವ ಹುಡುಗನು ಆ ನಕ್ಷೆಯಲ್ಲಿ ಕಾಗೆಯ ಕಾಲು ಎಲ್ಲಿ ತಪ್ಪಿದೆಯೆಂದು ಹೇಳಬಲ್ಲವನಾಗಲಿ; ಒಂದು ದಿನ ತಾನೇ ಬರೆಯುವಂತಾಗಲಿ.